ಡಿಕ್ಕಿಯಲ್ಲಿ ಕೂತ ಸರಪಳಿ

ಈ ಚಳಿಗಾಲ ನಿಮ್ಮಲ್ಲಿ ಎಷ್ಟು ಜನ ಟಾಹೋಗೆ ಹೊರಟಿದ್ದೀರಿ? ಅಮ್ಮ ಪುಳಿಯೋಗರೆ, ಚಕ್ಕುಲಿ ಕಟ್ಟಿಕೊಟ್ಟಿರುತ್ತಾರೆ, ಅದು ಗೊತ್ತು. ಡಿಕ್ಕಿಯಲ್ಲಿ ಟೈರಿನ ಸರಪಳಿ ಇದೆಯೇ?

ಇಂಟರ್‌ಸ್ಟೇಟ್ 80ರಲ್ಲಿ ನೀವು ಹತ್ತುವ ಡಾನರ್ ಪಾಸ್, ನಮ್ಮ ಭಾಷೆಯಲ್ಲಿ ಒಂದು ಘಾಟಿ. ಅದರ ಹೆಸರಿನಲ್ಲೇ ದುರಂತವಿದೆ. 1846ರಲ್ಲಿ ಎತ್ತಿನ ಗಾಡಿಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಡಾನರ್ ತಂಡ ಅಲ್ಲಿ ಹಿಮಕ್ಕೆ ಸಿಕ್ಕಿತು. 80ಕ್ಕೂ ಹೆಚ್ಚು ಜನರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಬದುಕಿ ಬರಲಿಲ್ಲ. ಅದೆಲ್ಲ ಗಾಡಿಯ ಕಾಲ ಅನ್ನಬೇಡಿ. 1952ರ ಜನವರಿಯಲ್ಲಿ ಇದೇ ಬೆಟ್ಟಸಾಲಿನಲ್ಲಿ ‘ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ’ ಎಂಬ ಭರ್ಜರಿ ರೈಲು 226 ಜನರ ಸಮೇತ ಮೂರು ದಿನ ಹಿಮದಲ್ಲಿ ಹೂತು ನಿಂತಿತ್ತು. ಪಕ್ಕದ ಹೆದ್ದಾರಿಯ ಹಿಮ ಸರಿಸಿದ ಮೇಲೆ ಪ್ರಯಾಣಿಕರು ಅಲ್ಲಿಯವರೆಗೆ ನಡೆದು, ಕಾರು ಹತ್ತಿ ಪಾರಾದರು. ರೈಲಿನವರನ್ನು ರಸ್ತೆ ಕಾಪಾಡಿತು!

ಸರಪಳಿಯ ಕತೆ ಇನ್ನೊಂದು. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಎಂಬಾತ 1904ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕೆಸರಿನಲ್ಲಿ ಜಾರದಿರಲೆಂದು ಜನ ಟೈರಿಗೆ ಹಗ್ಗ, ಬಳ್ಳಿ ಸುತ್ತುತ್ತಿದ್ದುದನ್ನು ನೋಡಿ ಅವನಿಗೆ ಹೊಳೆದದ್ದಂತೆ.

ಈಗ ಕಾನೂನಿಗೆ ಬರೋಣ. ಕ್ಯಾಲ್‌ಟ್ರಾನ್ಸ್ ಫಲಕಗಳಲ್ಲಿ ಆರ್-1, ಆರ್-2, ಆರ್-3 ಎಂದಿರುತ್ತದೆ. ಆರ್-2 ಬಂದರೆ ಎಲ್ಲ ವಾಹನಗಳಿಗೂ ಸರಪಳಿ ಕಡ್ಡಾಯ. ನಾಲ್ಕೂ ಚಕ್ರಕ್ಕೆ ಹಿಮದ ಟೈರು ಹಾಕಿದ ಫೋರ್‌ವೀಲ್, ಆಲ್‌ವೀಲ್ ಡ್ರೈವ್ ಗಾಡಿಗಳಿಗೆ ಮಾತ್ರ ವಿನಾಯಿತಿ. ಆರ್-3ರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಹೆಚ್ಚಿನವರು ಎಡವುವುದು ಎಲ್ಲಿ ಗೊತ್ತೇ? ವಿನಾಯಿತಿ ಇರುವುದು ಹಾಕಿಕೊಳ್ಳುವುದರಿಂದ, ಜೊತೆಯಲ್ಲಿ ಒಯ್ಯುವುದರಿಂದಲ್ಲ. ಫೋರ್‌ವೀಲ್ ಡ್ರೈವ್ ಆದರೂ ಡಿಕ್ಕಿಯಲ್ಲಿ ಸರಪಳಿ ಇರಲೇಬೇಕು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಮಗಳು ಚಿಕ್ಕವಳಿದ್ದಾಗ ಹೊಸ ಕಾರಿನ ಠೀವಿಯಲ್ಲಿ ಹೊರಟು, ತಪಾಸಣೆಯ ಜಾಗದಲ್ಲಿ ‘ಸರಪಳಿ ತೋರಿಸಿ’ ಎಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕತ್ತಲಾಗಿತ್ತು, ಹಿಂದಿನ ಸೀಟಿನಲ್ಲಿ ಮಗು ನಿದ್ದೆ. ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದೆವು. ಮೇಲೆ ಹೋಗಿ ಜಾರಿದ್ದರೆ? ಆ ಪ್ರಶ್ನೆ ಈಗಲೂ ಕಾಡುತ್ತದೆ. ಬಾಡಿಗೆ ಕಾರಾದರೆ ಕರಾರನ್ನು ಓದಿ. ಸರಪಳಿ ಹಾಕಬಾರದೆಂದು ಅದರಲ್ಲಿ ಬರೆದಿರುವುದುಂಟು.

ಊರಿನ ಬಸ್ಸುಗಳಲ್ಲಿ ಡ್ರೈವರ್ ಹತ್ತಿರ ‘ಪ್ರಥಮ ಚಿಕಿತ್ಸೆ’ ಎಂದು ಬರೆದ ಪೆಟ್ಟಿಗೆ ನೋಡಿದ್ದೀರಲ್ಲ? ನಾನು ಇಣುಕಿದಾಗಲೆಲ್ಲ ಅದು ಖಾಲಿ. ಜರ್ಮನಿಯಲ್ಲಿ ಹಾಗೆ ನಡೆಯದು. ಅಲ್ಲಿ ಸ್ವಂತ ಕಾರಿನಲ್ಲೂ ಆ ಪೆಟ್ಟಿಗೆ, ಎಚ್ಚರಿಕೆಯ ತ್ರಿಕೋನ, 2014ರಿಂದ ಹೊಳೆಯುವ ಅಂಗಿಯೂ ಇರಬೇಕು. ಫ್ರಾನ್ಸಿನಲ್ಲಿ ಅಂಗಿ, ತ್ರಿಕೋನ 2008ರಿಂದ ಕಡ್ಡಾಯ. 2012ರಲ್ಲಿ ಕುಡಿತ ಅಳೆಯುವ ಕೊಳವೆಯನ್ನೂ ಸೇರಿಸಿದರು. ಇಲ್ಲದವರಿಗೆ ದಂಡ ಹಾಕಲೇ ಇಲ್ಲ, 2020ರಲ್ಲಿ ನಿಯಮವನ್ನೇ ತೆಗೆದರು. ಅಂಗಿಯ ಗತಿ ಬೇರೆಯಾಯಿತು. 2018ರಲ್ಲಿ ಇಂಧನ ತೆರಿಗೆಯ ವಿರುದ್ಧ ಜನ ಬೀದಿಗಿಳಿದಾಗ, ಪ್ರತಿಯೊಬ್ಬರ ಕಾರಿನಲ್ಲೂ ಇದ್ದ ಆ ಹಳದಿ ಅಂಗಿಯೇ ಚಳವಳಿಯ ಸಮವಸ್ತ್ರ! ಸರ್ಕಾರ ತಾನೇ ಹೊಲಿಸಿಕೊಟ್ಟ ಹಾಗಾಯಿತು.

ಓದಲೆಂದು, ತಿರುಗಾಟಕ್ಕೆಂದು ಯುರೋಪಿಗೆ ಹೋಗುವವರು, ಕೀಲಿಕೈ ಕೈಗೆ ಬಂದ ಕೂಡಲೇ ಮೊದಲು ಡಿಕ್ಕಿ ತೆರೆದು ನೋಡಿ. ಟಾಹೋಗೆ ಹೋಗುವವರು ಈ ಶನಿವಾರ ಮನೆ ಮುಂದೆಯೇ ಸರಪಳಿಯನ್ನು ಒಮ್ಮೆ ಹಾಕಿ ತೆಗೆಯಿರಿ. ನನ್ನ ಮಗಳಿಗೆ ಮೊದಲ ಸಲ ನಲವತ್ತು ನಿಮಿಷ ಹಿಡಿಯಿತು, ಅದೂ ಬಿಸಿಲಿನಲ್ಲಿ.