ನಗದ ಕಾಮಣ್ಣ, ನಗಿಸುವ ಗೆಳೆಯರು

ಹೋಳಿ ಬಂದರೆ ರಾಣೆಬೆನ್ನೂರಿನಲ್ಲಿ ಒಂದು ಮಜಾ ಪಂದ್ಯ ನಡೆಯುತ್ತದೆ. ಇಬ್ಬರು ಗಂಡಸರು ಸಿಂಗಾರ ಮಾಡಿಕೊಂಡು, ಒಬ್ಬ ಕಾಮಣ್ಣನಾಗಿ ಇನ್ನೊಬ್ಬ ರತಿಯಾಗಿ ಜನರ ಮುಂದೆ ಕೂರುತ್ತಾರೆ. ಯಾರು ಬೇಕಾದರೂ ಬಂದು ಜೋಕು ಹೇಳಬಹುದು, ಮುಖ ಸೊಟ್ಟ ಮಾಡಬಹುದು, ಅಣಕಿಸಬಹುದು. ನಗಿಸಿದವರಿಗೆ ಬಹುಮಾನ. ಕೂತವರು ಮಾತ್ರ ತುಟಿ ಅಲ್ಲಾಡಿಸುವಂತಿಲ್ಲ. ಇದಕ್ಕೆ ಜೀವಂತ ರತಿ-ಕಾಮಣ್ಣ ಅಂತ ಹೆಸರು.

ಜೀವಂತ ಅಂತ ಯಾಕೆ ಹೇಳಬೇಕು? ನಮ್ಮ ಕಡೆ ಉಳಿದ ಊರುಗಳಲ್ಲಿ ರತಿ-ಕಾಮಣ್ಣ ಅಂದರೆ ಮರದ ಜೋಡಿ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತು ದೂರದೂರದಿಂದ ಜನ ಬರುತ್ತಾರೆ. ಓಣಿ ಓಣಿಯ ಸಣ್ಣ ಕಾಮಣ್ಣರಿಗೆ ಅಷ್ಟು ಹೆಸರಿಲ್ಲ. ಅವರು ವರ್ಷವಿಡೀ ಯಾರದೋ ಅಟ್ಟದಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿದ್ದು, ಫಾಲ್ಗುಣದಲ್ಲಿ ಎದ್ದು ಕೂರುತ್ತಾರೆ.

ಮರಕ್ಕೆ ಮುಖ ಕೊಡುವ ಕೆಲಸದಲ್ಲಿ ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಹೆಸರುವಾಸಿ. ಅವರ ಹಿರಿಯರು ವಿಜಯನಗರದ ಕಾಲದವರು ಅನ್ನುವ ಮಾತಿದೆ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳನ್ನೂ ಅವರ ಹೆಸರಿಗೇ ಹೇಳುತ್ತಾರೆ. ಅವರು ಹಗುರ ಮರದಲ್ಲಿ ಒಂದೊಂದು ಭಾಗವನ್ನೂ ಬೇರೆಬೇರೆ ಕೆತ್ತಿ ಕೂಡಿಸುತ್ತಾರೆ. ಗರುಡನಿಗೆ 12 ತುಂಡು, ಪೀಠದ ಮೇಲೆ ಕೂತ ಗಣಪನಿಗೆ 22. ಅಂಟು ಅಂದರೆ ಹುಣಸೆ ಬೀಜದ್ದು. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಅಂಟು ಸೇರಿಸಿದರೆ ಕಿಟ್ಟ ಆಗುತ್ತದೆ. ಆ ಕಿಟ್ಟವನ್ನು ಮೈಗೆಲ್ಲ ಕೈಯಿಂದ ಮೆತ್ತಿ, ಅದರ ಮೇಲೆ ಬಟ್ಟೆ ಚೂರು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಒಡವೆಗಳು ಉಬ್ಬಿ ಕಾಣುವುದು ಆ ಕಲ್ಲಿನ ಪುಡಿಯಿಂದಲೇ. ದೇವರಷ್ಟೇ ಅಲ್ಲ, ಊರಲ್ಲಿ ಒಂದೊಂದು ಕಸುಬು ಮಾಡುವ ಮಂದಿಯೂ ಅವರ ಕೈಯಲ್ಲಿ ಗೊಂಬೆಯಾಗುತ್ತಾರೆ. ಈ ಕೆಲಸ ಹಿಡಿದ ಮನೆಗಳು ಈಗ ಕಡಿಮೆ.

ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಸುಡಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಹಲವು ಕಡೆ ಮರದ ಜೋಡಿಯನ್ನು ಸುಡುವುದಿಲ್ಲ. ಬೆಂಕಿಗೆ ಹೋಗುವುದು ಕಟ್ಟಿಗೆ, ಕುಳ್ಳು, ಕಾಗದದ ಕಾಮ. ಪುರಾಣದಲ್ಲಿ ಶಿವನ ಕಣ್ಣಿಗೆ ಸುಟ್ಟು ಬೂದಿಯಾದವನು ಓಣಿಯಲ್ಲಿ ಮಾತ್ರ ಪ್ರತಿ ವರ್ಷ ಪಾರಾಗುತ್ತಾನೆ. ಕಾಳಿದಾಸನ ಕುಮಾರಸಂಭವದಲ್ಲಿ ರತಿಯ ಗೋಳಾಟಕ್ಕೇ ಒಂದು ಸರ್ಗವಿದೆ. ನಾವು ಬಾಯಿ ಬಡಿದುಕೊಂಡು ಲಬೋ ಲಬೋ ಅನ್ನುವುದು ಅದೇ ಗೋಳಿನ ಅಣಕು ಅಂತ ನನಗನ್ನಿಸುತ್ತದೆ. ಕನ್ನಡದ ಆಂಡಯ್ಯನಂತೂ 13ನೇ ಶತಮಾನದಲ್ಲಿ ಕಬ್ಬಿಗರ ಕಾವ ಬರೆದು ಕಾಮನನ್ನೇ ಗೆಲ್ಲಿಸಿಬಿಟ್ಟ. ಅದರಲ್ಲಿ ಸೋಲುವವನು ಶಿವ!

ಈ ಹಬ್ಬದ ನಗೆಯನ್ನೆಲ್ಲ ಹೊಗಳಲಾರೆ. ಹೆಣ್ಣುಮಕ್ಕಳು ಕೇಳಲಾಗದ ಬೈಗುಳಗಳು ಅದರಲ್ಲಿವೆ. ಆ ದಿನ ಅವರು ಬಾಗಿಲು ಹಾಕಿಕೊಂಡು ಒಳಗಿರುವುದನ್ನು ನಾವು ಗಂಡಸರು ಹಬ್ಬದ ಪದ್ಧತಿ ಅಂದುಕೊಂಡಿದ್ದೇವೆ. ಆದರೆ ನಾನು ಹುಡುಗನಾಗಿದ್ದಾಗ ಕಂಡ ಒಂದು ಹೋಳಿಯನ್ನು ಹೇಳಲೇಬೇಕು.

ನಮ್ಮ ಓಣಿಯ ಕಾಮಣ್ಣ ಒಬ್ಬ ಕಾಕಾನ ಅಟ್ಟದಲ್ಲಿದ್ದ, ರತಿ ಎದುರು ಮನೆ ಕಾಕಾನ ಅಟ್ಟದಲ್ಲಿ. ಇಬ್ಬರೂ ಹಳೆಯ ಗೆಳೆಯರು, ಪಟ್ಟಿ ಎತ್ತುವ ಗುಂಪಿನ ಮುಂದಾಳುಗಳು. ಆ ವರ್ಷ ಹೊಲದ ಬದುವಿನ ಜಗಳವಾಗಿ ಮಾತು ಬಿಟ್ಟಿದ್ದರು. ಹಬ್ಬದ ದಿನ ಕಾಮಣ್ಣ ಬಂದು ಕೂತ. ರತಿ ಬರಲಿಲ್ಲ.

ನಾವು ಹುಡುಗರು ಅಷ್ಟರಲ್ಲಿ ಕುಳ್ಳು ಕದಿಯುವುದರಲ್ಲಿದ್ದೆವು. (ನಾನು ಕದ್ದದ್ದು ನಮ್ಮ ಮನೆಯವೇ ಅಂತ ಅವ್ವ ಮರುದಿನ ಎಣಿಸಿ ಹೇಳಿದಳು.) ಸಂಜೆ ಹಲಗಿ ಬಡಿಯುವವರು ಒಂದು ಉಪಾಯ ತೆಗೆದರು. ಎಲ್ಲರೂ ರತಿ ಇದ್ದ ಮನೆ ಕಟ್ಟೆಯ ಮುಂದೆ ಹೋಗಿ, ಹೆಂಡತಿ ತವರಿಗೆ ಹೋಗಿ ವಾಪಸು ಬರದ ಕಾಮಣ್ಣನ ಪರವಾಗಿ ಅಳತೊಡಗಿದರು. ಒಬ್ಬ ಅವನ ಹಸಿವು ಹೇಳಿಕೊಂಡು ಅತ್ತ, ಇನ್ನೊಬ್ಬ ರೊಟ್ಟಿ ತಟ್ಟುವವರಿಲ್ಲ ಅಂತ ಎದೆ ಬಡಿದುಕೊಂಡ. ಬಾಗಿಲು ತೆಗೆಯಲಿಲ್ಲ. ಆಗ ಗುಂಪಿನ ಹಿಂದಿನಿಂದ ಕಾಮಣ್ಣನ ಮನೆಯ ಕಾಕಾ ತಾನೇ ಮುಂದೆ ಬಂದು, ಅಳಿಯನ ಕಡೆಯವರ ಹಾಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ, ಸೊಸೆಯನ್ನು ಕರೆದೊಯ್ಯಲು ಬಂದ ಬೀಗನಂತೆ.

ಒಳಗಿಂದ ನಗು ಕೇಳಿತು. ಬಾಗಿಲು ತೆರೆಯಿತು. ಇಬ್ಬರೂ ಒಂದು ಮಾತೂ ಆಡದೆ ರತಿಯನ್ನು ಆಚೆ ಒಬ್ಬರು ಈಚೆ ಒಬ್ಬರು ಹಿಡಿದು ಇಳಿಸಿದರು. ಬದುವಿನ ಜಗಳ ಮುಗಿಯಲು ಇನ್ನೂ ಎರಡು ವರ್ಷ ಹಿಡಿಯಿತು, ಅದು ಬೇರೆ.

ಈಗ ಎರಡೂ ಮನೆಯವರು ಆರ್‌ಸಿಸಿ ಮನೆ ಕಟ್ಟಿಸಿದ್ದಾರೆ. ಅಟ್ಟ ಇಲ್ಲ. ರತಿ-ಕಾಮಣ್ಣ ಇಬ್ಬರೂ ಗುಡಿಯ ಪಕ್ಕದ ಕೋಣೆಯಲ್ಲಿ ವರ್ಷವಿಡೀ ಒಟ್ಟಿಗೇ ಇರುತ್ತಾರೆ. ಹಬ್ಬಕ್ಕೆ ಯಾರ ಮನೆ ಬಾಗಿಲನ್ನೂ ಬಡಿಯುವ ಕೆಲಸವಿಲ್ಲ.