ಮೈಕ್ ಸೆಟ್‌ನಿಂದ ಹೋಮ್ ಥಿಯೇಟರ್‌ವರೆಗೆ: ವ್ಯಾಟ್ ಬೆಳೆದ ಕಥೆ

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳ ಕಂಠ ಪಳಗಿದ್ದು ಮೈಕ್ ಇಲ್ಲದ ಕಾಲದಲ್ಲಿ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಇದೇ ತಾಲ್ಲೂಕಿನವರು. ಈ ಗುರು-ಶಿಷ್ಯರ ಗದುಗಿನ ವೀರೇಶ್ವರ ಪುಣ್ಯಾಶ್ರಮ ಸಂಗೀತದ ಜೊತೆಗೆ ನಾಟಕ ಕಂಪನಿಯನ್ನೂ ಕಟ್ಟಿತು. ತಗಡಿನ ಥಿಯೇಟರಿನ ಕೊನೆಯ ಸಾಲಿಗೂ ಹಾಡು ಮುಟ್ಟಿಸುವ ನಟನೇ ಆಗ ನಟ. ಗಂಟಲು ಬಿಟ್ಟು ಹಾಡಿದರೂ ಮನುಷ್ಯನ ದನಿಯಲ್ಲಿರುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಸಣ್ಣ ಪಾಲು. ಅಷ್ಟರಲ್ಲೇ ಬಯಲಾಟ, ದೊಡ್ಡಾಟಗಳು ಬೆಳಗು ಹರಿಸುತ್ತಿದ್ದವು.

ಅತ್ತ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1915ರಲ್ಲೇ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿದಮ್ ಸಾವಿರಾರು ಜನರಿಗೆ ಧ್ವನಿವರ್ಧಕದ ಮಾತು ಕೇಳಿಸಿದ್ದರು. ನಮ್ಮ ಕಡೆಗೆ ಅದು ಬಂದದ್ದು ಮೈಕ್ ಸೆಟ್ ಆಗಿ: ಮರದ ಪೆಟ್ಟಿಗೆಯಲ್ಲಿ ಕೂತ ಆಂಪ್ಲಿಫೈಯರ್, ಬಿದಿರಿನ ಗಳಕ್ಕೋ ಮಠದ ಮಾಳಿಗೆಗೋ ಕಟ್ಟಿದ ಎರಡು ಹಾರ್ನ್, ಕರೆಂಟಿಲ್ಲದ ಊರಾದರೆ ಜೊತೆಗೊಂದು ಬ್ಯಾಟರಿ. ಅಕ್ಕಿಆಲೂರಿನ ವಿರಕ್ತಮಠದ ಕಾರ್ಯಕ್ರಮವಿರಲಿ, ಹಾನಗಲ್ಲಿನ ಜಾತ್ರೆಯಿರಲಿ, ದೀಪಾವಳಿ ಮುಗಿಯುತ್ತಲೇ ಹಿರೇಕೆರೂರು, ಶಿಗ್ಗಾವಿ ಕಡೆ ಶುರುವಾಗುವ ಹೋರಿ ಬೆದರಿಸುವ ಸ್ಪರ್ಧೆಯಿರಲಿ, ಮೈಕ್ ಇಲ್ಲದೆ ಕಳೆ ಇಲ್ಲ. ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಅಖಾಡಕ್ಕೆ ನುಗ್ಗುವ ಮೊದಲೇ ಅದರ ಹೆಸರು ಮೈಕಿನಲ್ಲಿ ಮೊಳಗಬೇಕು.

ಆ ಮೈಕ್ ಸೆಟ್‌ಗಳ ಶಕ್ತಿ ಎಷ್ಟಿತ್ತು ಎಂದು ಕೇಳಿದರೆ ಇಂದಿನವರು ನಂಬಲಿಕ್ಕಿಲ್ಲ. ಇಪ್ಪತ್ತು, ಮೂವತ್ತು ವ್ಯಾಟ್. ಅಷ್ಟಕ್ಕೇ ಊರಾಚೆಯ ಹೊಲದವರೆಗೂ ಕೂಗು ಹೋಗುತ್ತಿತ್ತು. ಗುಟ್ಟು ಹಾರ್ನ್‌ನಲ್ಲಿತ್ತು. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಒಳ್ಳೆಯ ಹಾರ್ನ್ ಸುಮಾರು 107 ಡೆಸಿಬಲ್ ಸದ್ದು ಮಾಡುತ್ತದೆ. ಮನೆಯ ಪೆಟ್ಟಿಗೆ ಸ್ಪೀಕರ್ ಸುಮಾರು 87. ನಡುವಿನ 20 ಡೆಸಿಬಲ್ ಎಂದರೆ ನೂರು ಪಟ್ಟು ಶಕ್ತಿ. 25 ವ್ಯಾಟಿನಲ್ಲಿ ಹಾರ್ನ್ ಮಾಡಿದ ಸದ್ದನ್ನು ಮನೆ ಸ್ಪೀಕರಿನಲ್ಲಿ ತೆಗೆಯಲು 2,500 ವ್ಯಾಟ್ ಬೇಕು. ಸ್ಪೀಕರೇ ಸುಟ್ಟುಹೋದೀತು! ಹಾರ್ನ್‌ಗೆ ಡೊಳ್ಳಿನ ಗುಡುಗು ಬಾರದು, ಮಾತು ಮಾತ್ರ ಸ್ಪಷ್ಟ. ಊರಿಗೆ ಬೇಕಾದದ್ದೂ ಅದೇ.

ಆಂಪ್ಲಿಫೈಯರಿನಲ್ಲಿ ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು. ರೇಡಿಯೊ ರಿಪೇರಿ ಅಂಗಡಿಗಳಲ್ಲಿ 2ಎನ್3055 ಎಂಬ ಉಕ್ಕಿನ ಟೋಪಿಯ ಟ್ರಾನ್ಸಿಸ್ಟರ್, ಆಮೇಲೆ ಎಲ್‌ಎ4440 ಎಂಬ ಐಸಿ ಮನೆಮಾತಾದವು. ಟೇಪ್ ರೆಕಾರ್ಡರಿನ ಜೊತೆ ಮನೆಮನೆಗೆ ಆಂಪ್ಲಿಫೈಯರ್ ಬಂದದ್ದು ಹೀಗೆ. ವ್ಯಾಟಿನ ಲೆಕ್ಕ ಹಾದಿ ತಪ್ಪಿದ್ದೂ ಆಗಲೇ. ಡೆಕ್ಕಿನ ಮುಖದ ಮೇಲೆ ‘1000 ವ್ಯಾಟ್ ಪಿಎಂಪಿಒ’ ಎಂಬ ಬಂಗಾರದ ಅಕ್ಷರ. ಒಳಗೆ ಅದೇ ಎಲ್‌ಎ4440. ಕಾರಿನ ಬ್ಯಾಟರಿ ವೋಲ್ಟೇಜಿನಲ್ಲಿ ಅದು ಕೊಡುವುದು ಎರಡು ಚಾನೆಲ್‌ಗೆ ತಲಾ 6 ವ್ಯಾಟ್, ಎರಡನ್ನೂ ಕೂಡಿಸಿ ಕಟ್ಟಿದರೆ 19. ಪಿಎಂಪಿಒ, ಅಂದರೆ ‘ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್’ಗೆ ಸರ್ವಸಮ್ಮತ ಅಳತೆಯ ವಿಧಾನವೇ ಇಲ್ಲ. ಬರೆದವನದೇ ಲೆಕ್ಕ.

ಹೋಮ್ ಥಿಯೇಟರ್ ಬಂದ ಮೇಲೂ ಅದೇ ಕಥೆ. ಅಗ್ಗದ 5.1 ಸೆಟ್‌ನ ಬೆನ್ನು ಬಿಚ್ಚಿದರೆ ಟ್ರಾನ್ಸ್‌ಫಾರ್ಮರ್ ಕಾಣುತ್ತದೆ. ಅದರ ಮೇಲೆ 12-0-12, 3 ಆಂಪಿಯರ್ ಎಂದಿದ್ದರೆ 24 ಗುಣಿಸು 3, ಅಂದರೆ ಹೆಚ್ಚೆಂದರೆ 72 ವ್ಯಾಟ್. ಗೋಡೆಯ ಪ್ಲಗ್ಗಿನಿಂದ ಬಂದದ್ದಕ್ಕಿಂತ ಹೆಚ್ಚನ್ನು ಯಾವ ಆಂಪ್ಲಿಫೈಯರೂ ಬಿಡುವಿಲ್ಲದೆ ಕೊಡಲಾರದು. ಅದರ ಮೇಲೆ ಸಾವಿರ ವ್ಯಾಟ್ ಎಂದು ಬರೆಯುವುದು ದುಡಿದ ಹಣ ತಂದು ಕೊಟ್ಟವರಿಗೆ ಮಾಡಿದ ಮೋಸ, ಮಾತು ತೇಲಿಸಿ ಹೇಳುವಂಥದ್ದಲ್ಲ.

ಈ ರೋಗ ಅಮೆರಿಕದಲ್ಲಿ ಮೊದಲೇ ಕಾಣಿಸಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ತಂದು, ವ್ಯಾಟ್ ಹೇಳುವವರು ಯಾವ ಓಮ್‌ಗೆ, ಎಷ್ಟು ವಿರೂಪದಲ್ಲಿ ಅಳೆದದ್ದು ಎಂದೂ ಹೇಳಬೇಕೆಂದಿತು. ಸ್ಟೀರಿಯೊ ಕಾಲಕ್ಕೆ ಅದು ಸಾಕಾಗಿತ್ತು. ಐದು, ಏಳು ಚಾನೆಲ್‌ಗಳ ಹೋಮ್ ಥಿಯೇಟರ್ ರಿಸೀವರ್ ಬಂದ ಮೇಲೆ ಗೊಂದಲ ಮರಳಿತು. 2024ರಲ್ಲಿ ನಿಯಮವನ್ನು ಮತ್ತೆ ಬಿಗಿ ಮಾಡಬೇಕಾಯಿತು.

ಡೆನಾನ್ ಕಂಪನಿಯ ಎವಿಆರ್-ಎಕ್ಸ್1700ಎಚ್ ರಿಸೀವರನ್ನೇ ನೋಡಬಹುದು. ಎರಡು ಚಾನೆಲ್ ನಡೆಸಿ, 8 ಓಮ್‌ಗೆ, 20ರಿಂದ 20,000 ಹರ್ಟ್ಸ್‌ವರೆಗೆ, ಶೇ 0.08 ವಿರೂಪದಲ್ಲಿ ಅಳೆದರೆ 80 ವ್ಯಾಟ್. ಒಂದೇ ಚಾನೆಲ್, 6 ಓಮ್, 1,000 ಹರ್ಟ್ಸ್, ಶೇ 10 ವಿರೂಪ ಎಂದರೆ 145. ಎರಡೂ ನಿಜ, ಎರಡೂ ಒಂದೇ ಯಂತ್ರದವು. ಒಬ್ಬರ 80ನ್ನು ಇನ್ನೊಬ್ಬರ 145ಕ್ಕೆ ಹೋಲಿಸಿ ಕೊಂಡರೆ ಮಾತ್ರ ತಪ್ಪು. 80ರಿಂದ 145ಕ್ಕೆ ನಿಜವಾಗಿ ಏರಿದರೂ ಸದ್ದು ಹೆಚ್ಚುವುದು ಮೂರು ಡೆಸಿಬಲ್‌ಗೂ ಕಡಿಮೆ. ಸದ್ದು ಇಮ್ಮಡಿಯಾಯಿತೆಂದು ಕಿವಿಗೆ ಅನ್ನಿಸಬೇಕಾದರೆ ವ್ಯಾಟ್ ಸುಮಾರು ಹತ್ತು ಪಟ್ಟಾಗಬೇಕು.

ಇಂದು ಮೆರವಣಿಗೆಗಳಲ್ಲಿ ಡಿಜೆ ಬಂದು ಹಳೆಯ ಹಾರ್ನ್‌ಗಳು ಮೂಲೆ ಸೇರಿವೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವಂತಿಲ್ಲ. ಬಯಲಿಗೇ ಇಷ್ಟು ಮಿತಿಯಿರುವಾಗ ಮನೆಯ ಹಜಾರಕ್ಕಂತೂ ಸಾವಿರ ವ್ಯಾಟ್ ಬೇಕಿಲ್ಲ. ರಿಸೀವರ್ ಕೊಳ್ಳಲು ಹುಬ್ಬಳ್ಳಿಗೋ ಹಾವೇರಿಗೋ ಹೊರಟವರು ಅಂಗಡಿಯಲ್ಲಿ ಇಷ್ಟು ಕೇಳಲಿ: ಆರ್‌ಎಂಎಸ್ (ಬಿಡುವಿಲ್ಲದೆ ಕೊಡುವ ವ್ಯಾಟ್) ಎಷ್ಟು, ಯಾವ ಓಮ್‌ಗೆ, ಎಷ್ಟು ಚಾನೆಲ್ ಒಟ್ಟಿಗೆ ನಡೆದಾಗ, ವಿರೂಪ ಎಷ್ಟು. ಜೊತೆಗೆ ಸ್ಪೀಕರಿನ ಸಂವೇದನಶೀಲತೆ, ಅಂದರೆ ಒಂದು ವ್ಯಾಟಿಗೆ ಒಂದು ಮೀಟರಿನಲ್ಲಿ ಅದು ಮಾಡುವ ಸದ್ದು, ಎಷ್ಟು ಡೆಸಿಬಲ್ ಎಂದೂ ಕೇಳಲಿ. ಉತ್ತರ ಬಾರದಿದ್ದರೆ ಪಕ್ಕದ ಅಂಗಡಿಗೆ ಹೋಗಲಿ.