‘ತಲಿಗೆ ಹತ್ತಲ್ಲ’ ಎಂಬ ಉತ್ತರ: ಬಳ್ಳಾರಿ ಸೀಮೆಯ ಪೋಷಕರು ಮತ್ತು ಕಲಿಕೆಯ ಹಿನ್ನಡೆ

ಮಕ್ಕಳು ಓದಿನಲ್ಲಿ ಹಿಂದೆ ಬೀಳುವುದೇಕೆ ಎಂದು ಕೂಲಿಕಾರ ಪೋಷಕರನ್ನು ಕೇಳಿದರೆ ಮೊದಲು ಬರುವ ಉತ್ತರ ಸಾಮಾನ್ಯವಾಗಿ ತಮ್ಮನ್ನೇ ದೂರಿಕೊಳ್ಳುವಂಥದ್ದು: ‘ಅವನ ತಲಿಗೆ ಹತ್ತಲ್ಲ ಸರ್’, ‘ನಾವೇ ಸಾಲಿ ಕಲ್ತಿಲ್ಲ, ಅವ್ನಿಗೇನ್ ಹೇಳಿಕೊಡಾಣ?’ ಇದೇ ಮಾತು ಕಡತಕ್ಕೆ ಏರುವಾಗ ‘ಪೋಷಕರ ನಿರಾಸಕ್ತಿ’ ಆಗಿಬಿಡುತ್ತದೆ. ಉತ್ತರ ಭಾರತದ ಹಳ್ಳಿಗಳನ್ನು ಕುರಿತ 1999ರ ‘ಪ್ರೋಬ್’ ವರದಿ ಈ ನಿರಾಸಕ್ತಿಯ ಕಥೆಯನ್ನು ಅಲ್ಲಗಳೆದಿತ್ತು. ಕಥೆ ಮಾತ್ರ ಇನ್ನೂ ಬದುಕಿದೆ. ಪೋಷಕರ ಈ ಆತ್ಮನಿಂದೆ ಹಿನ್ನಡೆಯ ಕಾರಣವಲ್ಲ, ಶಾಲೆ ಅವರಿಗೆ ಹೇಳದೆ ಉಳಿಸಿದ ಸಂಗತಿಗಳ ಫಲ ಎಂಬುದು ನನ್ನ ವಾದ.

ಅವಿಭಜಿತ ಬಳ್ಳಾರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 67.43, ರಾಜ್ಯದ್ದು ಶೇ. 75.36. ಆದರೆ ಸರಾಸರಿ ಮುಚ್ಚಿಡುವುದೇ ಹೆಚ್ಚು. ತುಂಗಭದ್ರಾ ಕಾಲುವೆ ನೀರುಣ್ಣುವ ಸಿರುಗುಪ್ಪದಲ್ಲಿ ಭತ್ತದ ನಾಟಿ, ಕೊಯ್ಲಿನ ವಾರಗಳೇ ಮನೆಯ ಆದಾಯವನ್ನು ನಿರ್ಧರಿಸುತ್ತವೆ. ಕುರುಗೋಡಿನ ಮೆಣಸಿನಕಾಯಿ ಬಿಡಿಸುವ ಕೆಲಸ ಎಸ್ಸೆಸ್ಸೆಲ್ಸಿ ತಯಾರಿಯ ದಿನಗಳಿಗೇ ಬಂದು ತಾಗುತ್ತದೆ. ಬಳ್ಳಾರಿ ನಗರದ ಜೀನ್ಸ್ ಹೊಲಿಗೆಗೆ ಸುಗ್ಗಿಯೆಂಬುದಿಲ್ಲ, ಆರ್ಡರ್ ಬಂದಾಗಲೇ ದುಡಿಮೆ. ಮೇಲಾಗಿ ಈ ಗಡಿನಾಡಿನ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು ಅಥವಾ ಉರ್ದು. ಹೀಗಿರುವಾಗ ಶಾಲೆಯ ಕಡತದ ‘ಗೈರುಹಾಜರಿ’ ಎಂಬ ಒಂದೇ ಕಾಲಂ ಮೂರೂ ಊರುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೆಚ್ಚು ಗಮನಿಸಬೇಕಾದದ್ದು ಬೇರೆಯೇ ಇದೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಮೂಲ ರೂಪ ಎಂಟನೆಯ ತರಗತಿಯವರೆಗೆ ಅನುತ್ತೀರ್ಣತೆಯನ್ನು ತಡೆಯಿತು. ಅದು ನ್ಯಾಯವೇ, ಫೇಲಾದ ಬಡ ಮಗು ಶಾಲೆ ಬಿಡುತ್ತದೆ. ಆದರೆ ‘ಪಾಸು’ ಎಂಬುದರ ಜೊತೆ ಮಗು ಎಷ್ಟು ಕಲಿತಿದೆ ಎಂಬ ಮಾತು ಅಕ್ಷರ ಬಾರದ ತಾಯಿಗೆ ಅರ್ಥವಾಗುವಂತೆ ತಲುಪಲಿಲ್ಲ. ಅವಳಿಗೆ ಮೊದಲ ಸ್ಪಷ್ಟ ಸುದ್ದಿ ಹತ್ತನೆಯ ತರಗತಿಯ ಫಲಿತಾಂಶ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆ. ಒಂಬತ್ತು ವರ್ಷ ಪಾಸಾದ ಮಗ ಹತ್ತರಲ್ಲಿ ಏಕಾಏಕಿ ಫೇಲಾದರೆ, ಮಗನ ತಲೆಯನ್ನಲ್ಲದೆ ಇನ್ನಾವುದನ್ನು ದೂರಬೇಕು ಆಕೆ?

ಹಾಗಾಗಿ ಪೋಷಕರಿಗೆ ಕೇಳುವ ಪ್ರಶ್ನೆಯೇ ಬದಲಾಗಬೇಕು. ‘ಯಾಕೆ ಹಿಂದುಳಿದ?’ ಎಂದರೆ ವಿಧಿ, ಬುದ್ಧಿ, ಬಡತನ ಬರುತ್ತವೆ. ‘ಗಣಿತಕ್ಕೆ ಯಾರು ಬರುತ್ತಾರೆ, ಯಾವ ತಿಂಗಳಿಂದ?’ ಎಂದು ಕೇಳಿದಾಗ ಮಾತ್ರ ಖಾಲಿ ಹುದ್ದೆ, ತಡವಾಗಿ ಬಂದು ವರ್ಷಾಂತ್ಯಕ್ಕೆ ಹೋಗುವ ಅತಿಥಿ ಶಿಕ್ಷಕರು, ಒಂದೇ ಕೋಣೆಯಲ್ಲಿ ಎರಡು ತರಗತಿ, ಇವು ಮಾತಿಗೆ ಬರಲು ದಾರಿಯಾಗುತ್ತದೆ. ಪೋಷಕರು ಇವನ್ನು ಅರಿಯದವರಲ್ಲ. ಇವು ‘ಕಾರಣ’ ಎಂದು ಎಣಿಸಲ್ಪಡುತ್ತವೆಂಬ ಭರವಸೆ ಅವರಿಗಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸ್ಥಾನಗಳನ್ನು ಪೋಷಕರಿಗೆ ಮೀಸಲಿಟ್ಟಿದೆ. ಆದರೆ ಖಾಯಂ ಶಿಕ್ಷಕರನ್ನು ನೇಮಿಸುವ ಅಧಿಕಾರ ಆ ಸಮಿತಿಗೆ ಇಲ್ಲ.